‘ನಾನೇ’ ಎನ್ನುವವಳೊಡನೆ ಆರು ದಿನ

ನಮ್ಮ ಮಗಳು ಪುಟ್ಟಿಗೆ ಈಗ ಎರಡು ವರ್ಷ ಎಂಟು ತಿಂಗಳು. ಅವಳು ಮೊದಲು ಕಲಿತದ್ದು ‘ಅಮ್ಮ’ ಎಂಬ ಪದವೇ ಆದರೂ ದಿನಕ್ಕೆ ನೂರು ಸಲ ಬಳಸುವುದು ‘ನಾನೇ’ ಎಂಬುದನ್ನು. ‘ನಾನು’ ಎಂಬ ಸಾಧು ಪದದ ಬಾಲಕ್ಕೆ ಒಂದು ಏಕಾರ ಅಂಟಿಕೊಂಡರೆ ಅದಕ್ಕೆ ಎಂಥ ಬಲ ಬರುತ್ತದೆ ಎಂಬುದು ಶಾಲೆಯಲ್ಲಿ ವ್ಯಾಕರಣ ಓದಿದಾಗ ನನಗೆ ಹೊಳೆದಿರಲಿಲ್ಲ. ಪೇಸ್ಟಿನ ಮುಚ್ಚಳ ತೆಗೆಯುವುದು ನಾನೇ, ಮೆಟ್ಟಿಲು ಹತ್ತುವುದು ನಾನೇ, ಮನೆಯ ಕಾಲಿಂಗ್ ಬೆಲ್ ಒತ್ತುವುದು ನಾನೇ, ದೋಸೆ ಮುರಿಯುವುದೂ ನಾನೇ. ಮರೆತು ನಾವು ಮುರಿದುಕೊಟ್ಟೆವೋ, ಅದನ್ನು ಮತ್ತೆ ಅಂಟಿಸಿ ಕೊಡಬೇಕು. ಅಂಟದಿದ್ದರೆ ಹೊಸ ದೋಸೆ ಹುಯ್ಯಬೇಕು. ಹೊಸ ದೋಸೆ ಕಾವಲಿಯಿಂದ ಏಳುವಷ್ಟರಲ್ಲಿ ಅವಳಿಗೆ ದೋಸೆಯೇ ಬೇಡವಾಗಿರುತ್ತದೆ.

ಇಂಥವಳನ್ನು ಕಟ್ಟಿಕೊಂಡು ಡಿಸೆಂಬರ್ ಮೊದಲ ವಾರ ಬೆಂಗಳೂರಿನಿಂದ ಬೇಲೂರು, ಚಿಕ್ಕಮಗಳೂರು, ಶೃಂಗೇರಿ, ಆಗುಂಬೆಯ ದಾರಿಯಾಗಿ ಉಡುಪಿಗೆ ಹೋಗಿಬರುವುದೆಂದು ತೀರ್ಮಾನವಾದದ್ದು ಅತ್ತೆಯವರ ಒತ್ತಾಯದಿಂದ. ಅವರ ತವರು ಕೊಪ್ಪದ ಕಡೆ. ಮೊಮ್ಮಗಳಿಗೆ ಮೂರನೆಯ ವರ್ಷ ನಡೆಯುವಾಗಲೇ ಶೃಂಗೇರಿ ಶಾರದೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಆಗಬೇಕೆಂಬುದು ಅವರ ಆಸೆ. ಅಷ್ಟು ದೂರ ಹೋದ ಮೇಲೆ ಸಮುದ್ರವನ್ನೂ ತೋರಿಸಿಬಿಡೋಣ ಎಂದು ಸೇರಿಸಿದವನು ನನ್ನ ಗಂಡ. ಕೋಣೆಗಳನ್ನು ಕಾಯ್ದಿರಿಸಿದ್ದೂ ಅವನೇ, ಕಾರು ಓಡಿಸಿದ್ದೂ ಅವನೇ. ನನ್ನ ಪಾಲಿಗೆ ಬಂದದ್ದು ಹಿಂದಿನ ಸೀಟು.

ಮೊದಲ ದಿನ: ಬೇಲೂರಿನ ಆನೆಗಳು

ಚಿಕ್ಕ ಮಕ್ಕಳಿದ್ದರೆ ನಸುಕಿನಲ್ಲೇ ಹೊರಟುಬಿಡಬೇಕು, ನಿದ್ದೆಗಣ್ಣಿನಲ್ಲಿರುವ ಮಗುವನ್ನು ಹಾಗೆಯೇ ಎತ್ತಿ ಕಾರಿನಲ್ಲಿ ಮಲಗಿಸಿದರೆ ಹಾಸನದವರೆಗೆ ಚಿಂತೆಯಿಲ್ಲ ಎಂದು ಅನುಭವಸ್ಥರು ಹೇಳಿದ್ದರು. ಐದೂವರೆಗೆ ಎತ್ತಿದೆವು. ಕಾರಿನ ಬಾಗಿಲು ಮುಚ್ಚಿದ ಸದ್ದಿಗೆ ಅವಳು ಕಣ್ಣು ಬಿಟ್ಟಳು, ತನ್ನ ಕಾಲಿನಲ್ಲಿ ಆಗಲೇ ಬೂಟು ಇರುವುದನ್ನು ಕಂಡಳು, ಅದನ್ನು ಹಾಕಿದವರು ತಾನಲ್ಲ ಎಂಬುದು ಅವಳಿಗೆ ಮನವರಿಕೆಯಾಯಿತು. ಬೂಟು ಬಿಚ್ಚಿ, ಅವಳೇ ಹಾಕಿಕೊಂಡು, ಎಡಬಲ ಅದಲುಬದಲಾದದ್ದನ್ನು ನಾವು ಕಂಡೂ ಕಾಣದಂತೆ ಇದ್ದು, ಅಷ್ಟರಲ್ಲಿ ಅವಳಿಗೆ ಅಡುಗೆಮನೆಯ ಸಾರಿನ ಸೌಟಿನ ನೆನಪಾಗಿ, ಅದನ್ನು ತರಲು ಮತ್ತೆ ಮೇಲೆ ಹೋಗಿ ಬರುವಷ್ಟರಲ್ಲಿ ಏಳೂಕಾಲು. ಆ ಸೌಟು ಆರು ದಿನವೂ ನಮ್ಮೊಡನೆ ಇತ್ತು. ಆಟಿಕೆ ತುಂಬಿದ ಒಂದು ಚೀಲವನ್ನು ಬೇರೆ ಒಯ್ದಿದ್ದೆ. ಅದನ್ನು ಬಿಚ್ಚಿದ ನೆನಪಿಲ್ಲ.

ನೆಲಮಂಗಲದ ಟೋಲ್ ದಾಟುವ ಮೊದಲೇ ಬೆಲ್ಟಿನ ಯುದ್ಧ ಶುರುವಾಯಿತು. ಮಕ್ಕಳ ಆಸನದಲ್ಲಿ ಕೂರುವುದು ಅವಳಿಗೆ ಒಪ್ಪಿಗೆ, ಅದರ ಬೆಲ್ಟು ಮಾತ್ರ ಒಪ್ಪಿಗೆಯಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿ, ಒಂದು ತೋಳನ್ನು ಪಟ್ಟಿಯೊಳಗಿಂದ ಜಾರಿಸಿಕೊಂಡು ಹೊರತೆಗೆಯುವ ವಿದ್ಯೆ ಅವಳಿಗೆ ಸಿದ್ಧಿಸಿದೆ. ಕುಣಿಗಲ್ ಹತ್ತಿರ ತಟ್ಟೆ ಇಡ್ಲಿಗೆಂದು ನಿಲ್ಲಿಸಿದಾಗ ಅವಳ ಕಿರುಚಾಟ ಕೇಳಿ ಪಕ್ಕದ ಮೇಜಿನ ಹಿರಿಯರೊಬ್ಬರು, ‘ಅಳಬಾರ್ದು ಮರಿ, ಪೊಲೀಸ್ ಬಂದು ಹಿಡ್ಕೊಂಡ್ ಹೋಗ್ತಾರೆ’ ಎಂದರು. ಮಕ್ಕಳನ್ನು ಪೊಲೀಸರ ಹೆಸರು ಹೇಳಿ ಹೆದರಿಸುವುದು ನನಗೆ ಒಂದಿಷ್ಟೂ ಹಿಡಿಸದ ಸಂಗತಿ; ನಾಳೆ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಯಾರ ಬಳಿ ಹೋಗಬೇಕು? ಆದರೆ ಹಿರಿಯರು ಆಡಿದ್ದು ಪೂರ್ತಿ ಸುಳ್ಳೂ ಅಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡ. ಪೊಲೀಸರು ಬಂದರೂ ಹಿಡಿಯುವುದು ನಮ್ಮನ್ನು, ಅವಳನ್ನಲ್ಲ.

ಬೆಲ್ಟಿನ ವಿಷಯದಲ್ಲಿ ಸೋಲುವ ಹಾಗಿರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಎರಡು ಪಟ್ಟಿಗಳ ನಾಲಿಗೆಗಳನ್ನು ಜೋಡಿಸಿ ಹಿಡಿಯುವುದು ನಾನು, ಅವನ್ನು ಒತ್ತಿ ‘ಟಕ್’ ಎನ್ನಿಸುವುದು ಅವಳು, ಬಿಗಿ ಮಾಡುವುದು ಮತ್ತೆ ನಾನು. ಅವಳ ಬೆರಳಿಗೆ ಅಷ್ಟು ಬಲವಿಲ್ಲವಾದ್ದರಿಂದ ಪ್ರತಿ ಸಲ ಐದಾರು ಪ್ರಯತ್ನ ಬೇಕಾಗುತ್ತಿತ್ತು, ಆ ಹೊತ್ತಿನಲ್ಲಿ ಅವಳ ಬೆರಳಿನ ಮೇಲೆ ನಮ್ಮ ಬೆರಳು ತಾಗಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ಅವಳನ್ನು ಓಡಾಡಲು ಬಿಡುತ್ತಿದ್ದೆವು. ಹಾಗೆ ಬಿಟ್ಟಾಗ ಮುಂದಿನ ಟಕ್ಕಿಗೆ ತಕರಾರು ಕಡಿಮೆ ಎಂಬುದನ್ನು ಚನ್ನರಾಯಪಟ್ಟಣದ ಬಳಿ ಎಳನೀರು ಕುಡಿಯುವಾಗ ಕಂಡುಕೊಂಡೆವು.

ಬೇಲೂರು ತಲುಪಿದಾಗ ಒಂದು ಗಂಟೆ ದಾಟಿತ್ತು. ಚೆನ್ನಕೇಶವನ ಗುಡಿಗೆ ಹೋಗಲು ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಅಂಗಳಕ್ಕೆ ಕಾಲಿಟ್ಟರೆ ಡಿಸೆಂಬರಿನಲ್ಲೂ ಹಾಸುಗಲ್ಲು ಕಾದಿರುತ್ತದೆ. ಮಕ್ಕಳಿಗೆ ದಪ್ಪ ಕಾಲುಚೀಲ ಒಯ್ದರೆ ಅನುಕೂಲ. ನಾವು ಒಯ್ದಿದ್ದೆವು, ಅದನ್ನು ಹಾಕಿಕೊಳ್ಳುವುದೂ ‘ನಾನೇ’ ಆದದ್ದರಿಂದ ಹೆಬ್ಬಾಗಿಲ ನೆರಳಿನಲ್ಲಿ ಹತ್ತು ನಿಮಿಷ ಕಳೆಯಿತು.

ನನ್ನ ಗಂಡ ಈ ಗುಡಿಯನ್ನು ತೋರಿಸುವ ಕ್ರಮವನ್ನು ಮನಸ್ಸಿನಲ್ಲಿ ಹಾಕಿಕೊಂಡು ಬಂದಿದ್ದ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಗುಡಿ ಇದು, 2023ರಲ್ಲಿ ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ, ಮೊದಲು ದರ್ಪಣಸುಂದರಿ, ಆಮೇಲೆ ಉಳಿದ ಮದನಿಕೆಯರು, ಒಳಗೆ ನರಸಿಂಹ ಕಂಬ, ಹೀಗೆ. ಜಗತಿಯ ಮೆಟ್ಟಿಲು ಹತ್ತಿದ ಪುಟ್ಟಿಗೆ ಎದುರಾದದ್ದು ಗೋಡೆಯ ತೀರ ಕೆಳಗಿನ ಸಾಲು. ಮದನಿಕೆಯರು ನಮ್ಮ ತಲೆಯ ಮೇಲೆ, ಆನೆಗಳು ಅವಳ ಕಣ್ಣಿನ ಮಟ್ಟದಲ್ಲಿ. ಗುಡಿಯ ಸುತ್ತ ಆ ಸಾಲಿನಲ್ಲಿ ಆರುನೂರಕ್ಕೂ ಹೆಚ್ಚು ಆನೆಗಳಿವೆ. ಅವಳು ಸೌಟಿನ ಬಟ್ಟಲನ್ನು ಮೊದಲನೆಯ ಆನೆಯತ್ತ ಚಾಚಿ ‘ಒಂದು’ ಎಂದಳು.

ಒಂದು, ಎರಡು, ಐದು, ಎಂಟು, ಒಂದು. ಅವಳಿಗೆ ಬರುವ ಎಣಿಕೆ ಅಷ್ಟು. ಸೌಟು ಕಲ್ಲಿಗೆ ತಾಗೀತೆಂದು ನಾನು ಅವಳ ಕೈ ಹಿಡಿಯಲು ಹೋದೆ. ಅಲ್ಲಿಗೆ ರಂಪ ಆರಂಭ. ಪ್ರವಾಸಿಗರಿಗೆ ಗುಡಿ ವಿವರಿಸುತ್ತಿದ್ದ ನಡುವಯಸ್ಸಿನ ಗೈಡ್ ಒಬ್ಬರು ತಮ್ಮ ತಂಡವನ್ನು ನಿಲ್ಲಿಸಿ, ಹತ್ತಿರ ಬಂದು, ನನ್ನ ಕಡೆ ನೋಡದೆ ಅವಳೊಡನೆಯೇ ವ್ಯವಹಾರಕ್ಕೆ ಇಳಿದರು. ‘ಮೇಡಂ, ಈ ಆನೆಗಳನ್ನ ಮುಟ್ಟಿದ್ರೆ ಎದ್ದುಬಿಡ್ತವೆ. ಕೈ ಹಿಂದೆ ಕಟ್ಕೊಂಡು ಎಣಿಸ್ಬೇಕು, ನೋಡಿ, ಹೀಗೆ.’ ಅವಳು ಸೌಟನ್ನು ಬೆನ್ನ ಹಿಂದೆ ಹಿಡಿದು, ಶಾಲಾ ತನಿಖಾಧಿಕಾರಿಯಂತೆ ನಡೆಯತೊಡಗಿದಳು. ಒಂದರಂತೆ ಇನ್ನೊಂದಿಲ್ಲ ಎಂದು ಗೈಡ್ ನಮಗೆ ಹೇಳಿದ ಮಾತನ್ನು ನಾನು ಮೊದಲೂ ಕೇಳಿದ್ದೆ, ಕೇಳಿ ತಲೆಯಾಡಿಸಿದ್ದೆ. ಈ ಸಲ ನಕ್ಷತ್ರದಾಕಾರದ ಗುಡಿಯ ಮೂಲೆಮೂಲೆಗೂ ತಿರುಗಿ, ಒಂದೊಂದಕ್ಕೂ ನಿಂತು ನೋಡಬೇಕಾಗಿ ಬಂದಾಗ ಅದು ಕಣ್ಣಿಗೆ ಕಂಡಿತು: ಒಂದರ ಸೊಂಡಿಲು ಒಳಕ್ಕೆ ಸುರುಳಿ, ಇನ್ನೊಂದರದು ಮುಂದಿನದರ ಬಾಲಕ್ಕೆ ತಾಗುವಂತೆ, ಮತ್ತೊಂದು ಹೆಜ್ಜೆ ಎತ್ತಿ ಇಡುವ ಮೊದಲಿನ ಅನುಮಾನದಲ್ಲಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದರಿಂದ ಇಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತಂತೆ. ಒಂದು ಸುತ್ತಿಗೆ ಐವತ್ತು ನಿಮಿಷ ಹಿಡಿಯಿತು. ಗಂಡ ಅಷ್ಟರಲ್ಲಿ ಒಬ್ಬನೇ ಒಳಗೆ ಹೋಗಿ ದೇವರನ್ನೂ ಕಂಬಗಳನ್ನೂ ನೋಡಿಕೊಂಡು ಬಂದ. ನಾನೂ ಅತ್ತೆಯೂ ಹೊರಗಿನಿಂದಲೇ ಕೈ ಮುಗಿದೆವು.

ಎರಡನೆಯ ದಿನ: ಕಾಫಿ ಕೊಯ್ಲು, ಬಾಳೆಹೊನ್ನೂರಿನ ದಾರಿ

ರಾತ್ರಿ ಉಳಿದದ್ದು ಚಿಕ್ಕಮಗಳೂರಿನಿಂದ ಆಚೆ, ಆಲ್ದೂರಿನ ಕಡೆಯ ಒಂದು ತೋಟದ ಮನೆಯಲ್ಲಿ. ಬೆಳಿಗ್ಗೆ ಅಂಗಳದಲ್ಲಿ ಚಳಿಯಿತ್ತು, ಒಲೆಯ ಮೇಲೆ ಅಕ್ಕಿರೊಟ್ಟಿ ಇತ್ತು, ಜೊತೆಗೆ ಕಾಯಿಚಟ್ನಿ. ಆ ಮನೆಯ ಅಕ್ಕ ರೊಟ್ಟಿ ತಟ್ಟುವುದನ್ನು ನೋಡಿದ ಪುಟ್ಟಿ ತನಗೂ ಹಿಟ್ಟು ಬೇಕೆಂದಳು, ಅವರು ಕೊಟ್ಟರು, ಅವಳು ತಟ್ಟಿದ್ದು ರೊಟ್ಟಿಯೋ ಉಂಡೆಯೋ ಆದದ್ದನ್ನು ಬೇಯಿಸಿಯೂ ಕೊಟ್ಟರು. ಮನೆಯಲ್ಲಿ ಬೆಳಗಿನ ಎಂಟು ಗಂಟೆಗೆ, ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ, ನಾನು ಹಾಗೆ ಹಿಟ್ಟು ಕೊಟ್ಟದ್ದಿಲ್ಲ. ಕೊಡುತ್ತೇನೆ ಎಂದು ಈಗ ಬರೆಯುವುದೂ ಇಲ್ಲ.

ತೋಟದಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುವ ಹೆಂಗಸರು. ಕೂಲಿ ಹೆಚ್ಚಿನ ಕಡೆ ಕಿಲೋ ಲೆಕ್ಕದಲ್ಲಿ, ಆದ್ದರಿಂದ ಅವರಿಗೆ ಮಕ್ಕಳನ್ನು ಆಡಿಸುವ ವ್ಯವಧಾನವಿಲ್ಲ. ಗಿಡಕ್ಕೆ ಕೈ ಹಾಕಿ ಹಸಿರು ಕಾಯಿಯನ್ನೇ ಕೀಳಹೊರಟ ಪುಟ್ಟಿಗೆ ಒಬ್ಬಾಕೆ ತಲೆ ಎತ್ತದೆಯೇ, ‘ಏಯ್, ಹಣ್ಣು ಮಾತ್ರ. ಕಾಯಿ ಕಿತ್ರೆ ಸಾಹುಕಾರ್ರು ಬೈತಾರೆ’ ಎಂದರು. ಆಶ್ಚರ್ಯವೆಂದರೆ ಅವಳು ಅದನ್ನು ಹಾಗೆಯೇ ಒಪ್ಪಿಕೊಂಡಳು. ಬೇಡ ಎಂದು ನಾನು ದಿನಕ್ಕೆ ಎಷ್ಟು ಸಲ ಹೇಳುತ್ತೇನೆ, ಆ ಮಾತಿನ ಹಿಂದೆ ಇರುವುದು ಬಹಳ ಸಲ ನನ್ನ ಸುಸ್ತು ಮಾತ್ರ. ಆಕೆಯ ಮಾತಿನ ಹಿಂದೆ ಒಂದು ಕೆಲಸವಿತ್ತು. ಅರ್ಧ ಗಂಟೆಯಲ್ಲಿ ಸೌಟಿನಲ್ಲಿ ಏಳು ಕೆಂಪು ಹಣ್ಣು ಸೇರಿದವು. ಯೆಮನ್ನಿನಿಂದ ಬಾಬಾ ಬುಡನ್ ತಂದರೆಂಬ ಕಾಫಿ ಬೀಜಗಳೂ ಏಳೇ ಅಲ್ಲವೇ ಎಂದು ಅತ್ತೆ ನಕ್ಕರು. ಹಣ್ಣಿನ ಸಿಪ್ಪೆ ಸಿಹಿಯೆಂದು ಆ ಮನೆಯ ಅಕ್ಕ ಒಂದನ್ನು ಹಿಸುಕಿ ನಾಲಿಗೆಗೆ ತಾಗಿಸಿದ್ದರಿಂದ ಏಳಿದ್ದದ್ದು ಆರಾಯಿತು; ಬೀಜ ಗಂಟಲಿಗೆ ಸಿಕ್ಕೀತೆಂದು ಉಳಿದ ಆರನ್ನು ಕಾಯುವುದು ನನ್ನ ಕೆಲಸವಾಯಿತು.

ಮಧ್ಯಾಹ್ನ ಹೊರಟೆವು. ಆಲ್ದೂರಿನಿಂದ ಬಾಳೆಹೊನ್ನೂರು, ಅಲ್ಲಿ ಭದ್ರೆಯ ಸೇತುವೆ ದಾಟಿ ಜಯಪುರದ ಮೂಲಕ ಶೃಂಗೇರಿ. ಈ ರಸ್ತೆಯಲ್ಲಿ ನೂರು ಗಜ ನೆಟ್ಟಗೆ ಹೋಗುವ ಜಾಗ ಅಪರೂಪ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆಯ ಅಡಿಕೆ ತೋಟ, ಮನೆಯಂಗಳಗಳಲ್ಲಿ ಬೇಯಿಸಿದ ಅಡಿಕೆ ಒಣಗಲು ಹಾಕಿದ ಅಟ್ಟಗಳು, ಅದರ ಒಗರು ವಾಸನೆ ಕಾರಿನ ಕಿಟಕಿಯೊಳಗೂ. ಅತ್ತೆ ಮಾತು ಕಡಿಮೆ ಮಾಡಿದ್ದರು. ತಿರುವಿಗೊಂದು ಊರಿನ ಹೆಸರು, ಹೆಸರಿಗೊಂದು ನೆಂಟರು. ಪುಟ್ಟಿ ಆ ಎರಡು ಗಂಟೆ ನಿದ್ದೆ ಮಾಡಿದಳು, ಹಾಗಾಗಿ ಪ್ರವಾಸದಲ್ಲಿ ನಾನು ರಸ್ತೆಯನ್ನು ನೆಮ್ಮದಿಯಿಂದ ನೋಡಿದ್ದು ಇಷ್ಟೇ.

ಮೂರನೆಯ ದಿನ: ಶೃಂಗೇರಿ

ಬೆಳಿಗ್ಗೆ ಏಳಕ್ಕೆ ತುಂಗೆಯ ಮೇಲೆ ಮಂಜು. ಸ್ನಾನಘಟ್ಟದ ಮೆಟ್ಟಿಲ ಬಳಿ ತೋಳುದ್ದದ ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಇಲ್ಲಿ ಮೀನು ಹಿಡಿಯುವಂತಿಲ್ಲ, ಅವಕ್ಕೂ ಅದು ತಿಳಿದಿದೆ. ಮಂಡಕ್ಕಿ ಎಸೆದರೆ ನೀರೇ ಬಾಯಿ ತೆರೆದಂತೆ ಕಾಣುತ್ತದೆ. ಪುಟ್ಟಿ ಎರಡು ಹಿಡಿ ಎಸೆದಳು, ಮೂರನೆಯದಕ್ಕೆ ನೀರಿಗೆ ಇಳಿದು ಸೌಟಿನಲ್ಲಿ ತಿನ್ನಿಸುವೆನೆಂದಳು.

ಇಲ್ಲಿ ಒಪ್ಪಂದಕ್ಕೆ ಜಾಗವಿರಲಿಲ್ಲ. ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ, ಮೇಲಿನಿಂದ ಮೆತ್ತಗೆ ಕಾಣುವ ನೀರಿಗೆ ಆಳವಿದೆ. ಅವಳನ್ನು ಸೊಂಟದಲ್ಲಿ ಅವುಚಿಕೊಂಡು ಮೇಲಿನ ಮೆಟ್ಟಿಲಿಗೆ ಬಂದು ಕೂತೆ. ಆಮೇಲಿನ ಇಪ್ಪತ್ತೈದು ನಿಮಿಷ ಅವಳು ಅತ್ತದ್ದನ್ನು ಆಚೆ ದಡದ ನರಸಿಂಹವನದವರೂ ಕೇಳಿರಬೇಕು. ಹೋಗಿಬರುವವರು ಸುಮ್ಮನಿರಲಿಲ್ಲ. ಒಬ್ಬರು ಮೊಬೈಲ್ ಕೊಡಿ ಎಂದರು, ಒಬ್ಬರು ಕಲ್ಲುಸಕ್ಕರೆ ಚಾಚಿದರು, ಒಬ್ಬಾಕೆ ದೃಷ್ಟಿಯಾಗಿದೆ ಎಂದರು, ಇನ್ನೊಬ್ಬರು ನನ್ನನ್ನು ಬಿಟ್ಟು ಅತ್ತೆಯವರನ್ನು ಹಿಡಿದು, ‘ಈಗಿನವ್ರಿಗೆ ಮಕ್ಕಳನ್ನ ಸುಧಾರಿಸೋದು ಬರೂದಿಲ್ಲ’ ಎಂದರು. ಅತ್ತೆಯವರ ಉತ್ತರ ಕೇಳಿ ನನಗೆ ಅಚ್ಚರಿಯಾಯಿತು. ‘ಇವಳಪ್ಪ ಇದೇ ಮೆಟ್ಟಿಲ ಮೇಲೆ ಇದೇ ಥರ ಅತ್ತಿದ್ದ. ನಾನೂ ಏನೂ ಸುಧಾರಿಸ್ಲಿಲ್ಲ, ಅದೇ ನಿಂತ್ಕೊಳ್ತು.’ ಇದು ನಿಜವೇ ಎಂದು ಆಮೇಲೆ ಕೇಳಿದೆ. ಅವರು ಮಂಡಕ್ಕಿಯ ಪೊಟ್ಟಣ ಮಡಚುತ್ತ ಹೌದೆಂದೂ ಅಲ್ಲವೆಂದೂ ಹೇಳಲಿಲ್ಲ.

ವಿದ್ಯಾಶಂಕರ ದೇವಾಲಯವನ್ನು ಅಳು ಇಳಿದ ಮೇಲೆ ನೋಡಿದೆವು. 1338ರ ಕಟ್ಟಡ, ಒಳಗಿನ ಹನ್ನೆರಡು ರಾಶಿಕಂಬಗಳ ಮೇಲೆ ಆಯಾ ಸೌರಮಾಸಕ್ಕೆ ತಕ್ಕಂತೆ ಬೆಳಗಿನ ಬಿಸಿಲು ಬೀಳುವಂತೆ ಕಟ್ಟಿದ್ದಾರೆಂದು ಹೇಳುತ್ತಾರೆ. ಹೊರಗೋಡೆಯಲ್ಲಿ ಇಲ್ಲೂ ಆನೆಗಳಿದ್ದವು. ಪುಟ್ಟಿ ಕೈಯನ್ನು ತಾನಾಗಿ ಹಿಂದೆ ಕಟ್ಟಿಕೊಂಡಳು.

ಅಕ್ಷರಾಭ್ಯಾಸಕ್ಕೆ ಅಂದು ಹತ್ತು ಹನ್ನೆರಡು ಮಕ್ಕಳಿದ್ದರು. ಸಾಲಾಗಿ ತಂದೆತಾಯಿಯರು, ಅವರ ತೊಡೆಯ ಮೇಲೆ ಹೊಸ ಬಟ್ಟೆಯ ಮಕ್ಕಳು, ಮುಂದೆ ತಟ್ಟೆಯಲ್ಲಿ ಅಕ್ಕಿ, ಪಕ್ಕದಲ್ಲಿ ಅರಿಸಿನ ಹಚ್ಚಿದ ಸ್ಲೇಟು ಮತ್ತು ಬಳಪ. ಪುರೋಹಿತರು ಒಂದೊಂದೇ ಅಕ್ಷರ ಹೇಳುತ್ತಾರೆ. ತಂದೆ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ತಿದ್ದಿಸಬೇಕು. ಎಲ್ಲ ಬೆರಳುಗಳೂ ಓಂಕಾರಕ್ಕೆ ತಿರುಗಿದಾಗ ನಮ್ಮ ತಟ್ಟೆಯಿಂದ ಮಾತ್ರ ‘ನಾನೇ’ ಎಂಬ ಕೂಗು ಎದ್ದಿತು. ಗಂಡ ಬೆರಳು ಬಿಡಲಿಲ್ಲ. ಅವಳು ಇನ್ನೊಂದು ಕೈಯಿಂದ ಅಕ್ಕಿಯನ್ನು ತೋಡಿ ಅವನ ಪಂಚೆಯ ಮೇಲೆ ಸುರಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ವರ್ಷಗಳಿಂದ ಇಂಥ ಎಷ್ಟು ಬೆರಳುಗಳನ್ನು ಕಂಡಿದ್ದರೋ, ಪುರೋಹಿತರು ಮಂತ್ರದ ನಡುವೆಯೇ ಕೈಸನ್ನೆಯಿಂದ ಬಿಡಿ ಎಂದರು. ಆಮೇಲೆ ಹತ್ತಿರ ಬಂದು, ‘ಕೂಸು ಬರೀತೇನೆ ಅಂತ್ಲೇ ಹೇಳ್ತಾ ಇದೆಯಲ್ಲ. ಬರೀಲಿ ಬಿಡಿ’ ಎಂದರು.

ಬೆರಳು ಬಿಟ್ಟ ಮೇಲೆ ಅವಳು ಅಕ್ಕಿಯನ್ನು ಮರೆತಳು. ಸ್ಲೇಟನ್ನು ತೊಡೆಯ ಮೇಲೆ ಎಳೆದುಕೊಂಡು, ಬಳಪವನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಗುಂಡಗಿನ ಆಕಾರ, ಅದರಿಂದ ಹೊರಟು ಸ್ಲೇಟಿನ ಚೌಕಟ್ಟಿನವರೆಗೂ ಹೋದ ಒಂದು ಗೆರೆ. ‘ಆನೆ’ ಎಂದಳು. ಎರಡು ದಿನದ ಹಿಂದೆ ಬಳಪದ ಕಲ್ಲಿನಲ್ಲಿ ನೋಡಿದ್ದನ್ನು ಬಳಪದಲ್ಲಿ ಬರೆದಿದ್ದಳು. ಅತ್ತೆಯವರಿಗೆ ಸಮಾಧಾನವಾಗಲಿಲ್ಲ, ಓಂ ಆಗದೆ ಅಕ್ಷರಾಭ್ಯಾಸ ಹೇಗಾಗುತ್ತದೆ? ‘ಆ’ ಎಂದು ಶುರುವಾಗುತ್ತದಲ್ಲ, ಸ್ವರವೇ ಆಯಿತು ಎಂದು ಪುರೋಹಿತರು ನಕ್ಕು ಮುಂದಿನ ತಟ್ಟೆಗೆ ಹೋದರು. ಆ ಸ್ಲೇಟನ್ನು ಅತ್ತೆ ಸೀರೆಯಲ್ಲಿ ಸುತ್ತಿ, ಒರೆಸಿಹೋಗದಂತೆ ಊರಿನವರೆಗೂ ತಂದರು.

ಮಧ್ಯಾಹ್ನದ ಪ್ರಸಾದದ ಊಟಕ್ಕೆ ಬೇಗ ಹೋದರೆ ಮಕ್ಕಳಿಗೆ ಒಳ್ಳೆಯದು, ಸಾಲು ಉದ್ದವಾಗುವ ಮೊದಲೇ ಕೂರಬಹುದು. ಮನೆಯಲ್ಲಿ ಒಂದು ತುತ್ತಿಗೆ ಒಂದು ಕಥೆ ಹೇಳಿಸಿಕೊಳ್ಳುವವಳು ಇಲ್ಲಿ ನೂರಾರು ಜನರ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು. ಸಾರಿನ ಬಕೆಟ್ಟು ಹಿಡಿದು ವೇಗವಾಗಿ ಬಂದ ಬಡಿಸುವವರು ಅವಳ ಕೈಯ ಸೌಟು ನೋಡಿ ಒಂದು ಕ್ಷಣ ನಿಂತು, ತಮ್ಮ ಸೌಟಿನಿಂದ ಅವಳ ಸೌಟಿಗೆ ಸಾರು ಹಾಕಿದರು. ಅವಳು ಅದನ್ನು ಅನ್ನಕ್ಕೆ ಸುರಿದುಕೊಂಡಳು. ಹಿಂದೆ ಬಂದ ಪಾಯಸದವರೂ ಹಾಗೆಯೇ ಮಾಡಿದರು. ಅಂಗಿಯ ಮೇಲೆ ಬಿದ್ದದ್ದೂ ಬಹಳ. ಆದರೆ ಅನ್ನ ಎಷ್ಟೋ ದಿನಗಳ ಮೇಲೆ ಕಥೆಯಿಲ್ಲದೆ ಖಾಲಿಯಾಯಿತು.

ಸಂಜೆಗೆ ಆಗುಂಬೆ. ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಮ್ಮಂತೆ ಬಂದವರ ಗುಂಪು. ಆಕಾಶ ಶುಭ್ರವಾಗಿತ್ತು, ಮೋಡವಿಲ್ಲದ ಡಿಸೆಂಬರಿನಲ್ಲಿ ಇಲ್ಲಿಂದ ದೂರದ ಸಮುದ್ರದ ಅಂಚೂ ಕಾಣುತ್ತದೆ. ಎಲ್ಲರೂ ಪಡುವಣಕ್ಕೆ ಮುಖ ಮಾಡಿದ್ದಾಗ ಪುಟ್ಟಿ ಮೂಡಣಕ್ಕೆ ತಿರುಗಿ ಮಂಗಗಳನ್ನು ನೋಡುತ್ತಿದ್ದಳು. ಅವುಗಳಲ್ಲೊಂದು ನನ್ನ ಚೀಲದ ಬಿಸ್ಕತ್ತಿನ ಪೊಟ್ಟಣವನ್ನು ಎಳೆದುಕೊಂಡು ಹೋದಾಗ ‘ನಂದು’ ಎಂದು ಅದರ ಹಿಂದೆಯೇ ಓಡಿದಳು. ನಾನು ಅವಳ ಹಿಂದೆ ಓಡಿದೆ. ಸೂರ್ಯ ಮುಳುಗಿದ್ದನ್ನು ಅತ್ತೆ ಆಮೇಲೆ ವರ್ಣಿಸಿದರು.

ನಾಲ್ಕನೆಯ ದಿನ: ಘಾಟಿ, ಮತ್ತು ರಥಬೀದಿಯ ಸೋಲು

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಆ ಬೆಳಿಗ್ಗೆ ಒಣಗಿ ತಣ್ಣಗಿತ್ತು. ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ; ಇಳಿಯುವ ಮೊದಲು ಹಾಲು ಕೊಡಬೇಡ ಎಂದು ಅತ್ತೆ ಹೇಳಿದ್ದರು. ಹಾಲು ಬೇಕೆಂದು ಪುಟ್ಟಿ ಹೇಳಿದ್ದಳು. ಇಬ್ಬರಲ್ಲಿ ಯಾರ ಮಾತು ನಡೆಯಿತೆಂದು ಬೇರೆ ಬರೆಯಬೇಕಿಲ್ಲ. ಏಳೋ ಎಂಟೋ ತಿರುವಿನಲ್ಲಿ ಆ ಹಾಲಷ್ಟೂ ಅವಳ ಮೇಲೆ, ಬೆಲ್ಟಿನ ಮೇಲೆ, ನನ್ನ ಮಡಿಲಿಗೆ. ಆ ಇಕ್ಕಟ್ಟಿನ ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ. ಕಿಟಕಿ ತೆರೆದು, ಲಿಂಬೆಹಣ್ಣು ಮೂಸಿಸುತ್ತ, ಸೋಮೇಶ್ವರದವರೆಗೆ ಹಾಗೆಯೇ ಇಳಿದೆವು. ಘಟ್ಟ ಇಳಿಯುವ ಒಂದೂವರೆ ಗಂಟೆ ಮೊದಲೇ ಒಣ ತಿಂಡಿ ಮುಗಿಸಿ, ಬದಲಿ ಬಟ್ಟೆಯನ್ನು ಡಿಕ್ಕಿಯ ತಳದಲ್ಲಲ್ಲದೆ ಕಾಲ ಬಳಿಯೇ ಇಟ್ಟುಕೊಳ್ಳುವ ವಿವೇಕ ನಮಗೆ ಅಲ್ಲಿ ಬಂತು. ರಸ್ತೆಬದಿಯ ಅಂಗಡಿಯಾಕೆ ಕೇಳದೆಯೇ ಒಂದು ಬಕೆಟ್ ನೀರು, ಬಟ್ಟೆ ಸೋಪು ತಂದಿಟ್ಟು, ‘ಘಾಟಿಯಲ್ಲಿ ದೊಡ್ಡವರಿಗೇ ಆಗ್ತದೆ, ಪಾಪ’ ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅವರಲ್ಲಿ ಎಂಟು ಸೋಡಾ ಕೊಂಡೆವು, ನಾಲ್ಕನ್ನು ಕುಡಿಯಲಾಗಲಿಲ್ಲ.

ಉಡುಪಿಯಲ್ಲಿ ಮಧ್ಯಾಹ್ನ ಅವಳು ಮಲಗಲಿಲ್ಲ. ಮಲಗದ ಮಗುವನ್ನು ಸಂಜೆ ದೇವಸ್ಥಾನಕ್ಕೆ ಕರೆದೊಯ್ಯಬಾರದಿತ್ತು, ಆದರೂ ಹೊರಟೆವು. ಕೃಷ್ಣಮಠದಲ್ಲಿ ಗಂಡ ಅಂಗಿ ಕಳಚಿ ಹೆಗಲ ಮೇಲೆ ಹಾಕಿಕೊಂಡದ್ದನ್ನು ನೋಡಿದ ಅವಳು, ನಾವು ತಡೆಯುವ ಮೊದಲೇ ತನ್ನ ಫ್ರಾಕನ್ನು ತಲೆಯ ಮೇಲಿಂದ ಎಳೆದು ಹೆಗಲಿಗೆ ಹಾಕಿಕೊಂಡಳು. ಸಾಲಿನಲ್ಲಿದ್ದವರು ಮನಸಾರೆ ನಕ್ಕರು. ನವಗ್ರಹ ಕಿಂಡಿಯ ಒಂಬತ್ತು ತೂತುಗಳಲ್ಲಿ ಕೃಷ್ಣನನ್ನು ನೋಡಲು ಅಪ್ಪನ ಹೆಗಲೇರಿದವಳು ಹಾಗೆಯೇ ನೋಡಿದಳು.

ನಗು ಅಲ್ಲಿಗೇ ಮುಗಿಯಿತು. ಚಪ್ಪಲಿ ಇಡುವಲ್ಲಿ ಕೊಟ್ಟಿದ್ದ ಟೋಕನ್ ಅವಳ ಮುಷ್ಟಿಯಲ್ಲಿತ್ತು. ಅದನ್ನು ಕೊಡದೆ ಚಪ್ಪಲಿ ಸಿಗದು, ಅವಳು ಕೊಡಳು. ನೀನೇ ಕೊಡು ಎಂದೆವು. ಎರಡು ಟೋಕನ್ ಇದ್ದರೆ ಯಾವುದನ್ನು ಕೊಡುವೆ ಎಂದು ಕೇಳಬಹುದಿತ್ತು, ಇದ್ದದ್ದು ಒಂದೇ. ಹಿಂದೆ ಜನ ಸೇರುತ್ತಿದ್ದರು. ಆ ದಿನದ ವಾಂತಿ, ನಿದ್ದೆಗೇಡು, ಶೃಂಗೇರಿಯ ಮೆಟ್ಟಿಲಲ್ಲಿ ಕೇಳಿದ ಮಾತು, ಎಲ್ಲವೂ ಸೇರಿ ನನ್ನ ಗಂಟಲಿಗೆ ಬಂತು. ರಥಬೀದಿಯ ನಡುವೆ ನಾನು ಕೂಗಿದೆ. ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಹೂ ಕಟ್ಟುತ್ತಿದ್ದ ಹೆಂಗಸೂ ನೋಡಿದರು. ಗಂಡ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಟೋಕನ್ ಕೊಟ್ಟ. ಅವಳು ಹೋಟೆಲಿನ ಕೋಣೆಯವರೆಗೂ ಅತ್ತಳು, ಕಟ್ಟಿಸಿಕೊಂಡು ಬಂದ ಗೋಳಿಬಜೆ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ರಾತ್ರಿ ಒಂದೂವರೆಗೆ ಎಚ್ಚರಾದಾಗ ಅವಳ ಮುಷ್ಟಿ ಹಾಸಿಗೆಯ ಮೇಲೆ ಬಿಚ್ಚಿಕೊಂಡಿತ್ತು. ಬಹಳ ಹೊತ್ತು ನಿದ್ದೆ ಬರಲಿಲ್ಲ.

ಐದನೆಯ ದಿನ: ಮಲ್ಪೆ

ಬೆಳಗಿನ ತಿಂಡಿಗೆ ಬನ್ಸ್. ಉಬ್ಬಿದ ಬನ್ಸಿಗೆ ಬೆರಳಿಟ್ಟು ಉಸಿರು ಬಿಡಿಸುವ ಹಕ್ಕು ಅವಳಿಗೇ ಸೇರಿತು, ನನ್ನದನ್ನೂ ಕೊಟ್ಟೆ. ಅವಳು ನಿನ್ನೆಯದನ್ನು ಮರೆತಿದ್ದಳೋ ಏನೋ, ನನಗೆ ಗೊತ್ತಾಗಲಿಲ್ಲ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಓಡುತ್ತವೆ. ಬೇಗ ಹೋದಷ್ಟೂ ಬಿಸಿಲು ಕಡಿಮೆ. ದ್ವೀಪದಲ್ಲಿ ತೆಂಗಿನ ಮರಗಳ ನೆರಳು ಬಿಟ್ಟರೆ ಬೇರೆ ಆಸರೆ ಸಾಲದು. ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತುವಂತಿಲ್ಲ ಎಂದು ನಾನು ಮೊದಲೇ ಅವಳಿಗೆ ಹತ್ತು ಸಲ ಹೇಳಿ ಸಿದ್ಧ ಮಾಡಿದ್ದೆ, ಅದರ ಫಲವಾಗಿ ಅವಳು ಹತ್ತು ಸಲ ಹೇಳಿಸಿಕೊಂಡು ಬೇಡವೆನ್ನಲು ಸಿದ್ಧಳಾಗಿದ್ದಳು. ದೋಣಿಯ ಹುಡುಗ, ಇಪ್ಪತ್ತರ ಆಸುಪಾಸಿನವನು, ತುಳುವಿನಲ್ಲಿ ಯಾರಿಗೋ ಏನೋ ಕೂಗುತ್ತಿದ್ದವನು ಕನ್ನಡಕ್ಕೆ ತಿರುಗಿ, ‘ಅಜ್ಜಿಗೆ ಹೆದರಿಕೆ ಆಗ್ತದೆ ಮಗಾ, ನೀನು ಮೊದ್ಲು ಹಾಕಿ ತೋರಿಸಿದ್ರೆ ಅವ್ರು ಹಾಕ್ತಾರೆ’ ಎಂದ. ಅತ್ತೆ ತಕ್ಷಣ ಹೆದರಿದರು. ನಟನೆ ಎಂದು ನಾನು ತಿಳಿದೆ. ದೋಣಿ ಬಂದರಿನ ಬಾಯಿ ದಾಟಿ ಅಲೆಗಳ ಮೇಲೆ ಏರಿಳಿದಾಗ ಅವರು ನನ್ನ ಮಣಿಕಟ್ಟು ಹಿಡಿದದ್ದನ್ನು ನೋಡಿದರೆ ನಟನೆ ಅರ್ಧ ಮಾತ್ರ ಇದ್ದಿರಬೇಕು. ಪುಟ್ಟಿ ಅವರ ಜಾಕೆಟ್ಟಿನ ಕೊಂಡಿಗಳನ್ನು ಮತ್ತೆ ಮತ್ತೆ ‘ಟಕ್’ ಎನ್ನಿಸಿ ಪರೀಕ್ಷಿಸಿದಳು.

ದ್ವೀಪದ ಕಲ್ಲುಗಳು ಕೋನಕೋನವಾದ ಕಂಬಗಳು, ಯಾರೋ ಕಡಿದು ಒತ್ತೊತ್ತಾಗಿ ನಿಲ್ಲಿಸಿದಂತೆ. ಎಂಟು ಕೋಟಿ ವರ್ಷಗಳಿಗೂ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ ಹೀಗೆ ಸೀಳಿತು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದಿದ್ದನೆಂಬ ಪ್ರತೀತಿಯೂ ಇದೆ. ಪುಟ್ಟಿ ಒಂದು ಕಂಬದಿಂದ ಇನ್ನೊಂದಕ್ಕೆ ಹತ್ತಲು ಹೊರಟಳು. ಕಲ್ಲಿನ ಅಂಚು ಹರಿತ, ಮೇಲೆ ಚಿಪ್ಪು. ಹತ್ತಲು ಬಿಡುವ ಕಲ್ಲು, ಬಿಡದ ಕಲ್ಲು ಎಂದು ಗಂಡ ಮೊದಲೇ ಗೆರೆ ಹಾಕಿಕೊಂಡ. ಅವಳ ಮೊಣಕಾಲಿನ ಎತ್ತರದವು ಅವಳವು, ಅದಕ್ಕೆ ಮೇಲಿನವು ಸಮುದ್ರದವು. ಸಮುದ್ರದ್ದು ಎಂದರೆ ಅವಳು ಒಪ್ಪಿದಳು, ಅಪ್ಪ ಬೇಡ ಎಂದರೆ ಒಪ್ಪುತ್ತಿರಲಿಲ್ಲ. ಸೌಟಿನ ತುಂಬ ಚಿಪ್ಪು ಸೇರಿಸಿ, ದೋಣಿ ಹತ್ತುವಾಗ ಅಷ್ಟನ್ನೂ ನೀರಿಗೆ ಸುರಿದು, ಸುರಿದದ್ದಕ್ಕೆ ಅತ್ತಳು.

ಆರನೆಯ ದಿನ: ಮನೆ

ಬಿ.ಸಿ. ರೋಡು, ಶಿರಾಡಿ ಘಾಟಿ, ಸಕಲೇಶಪುರ, ಹಾಸನ. ಹಾಲು ಕೊಡಲಿಲ್ಲ. ಲಾರಿಗಳ ಸಾಲಿನ ಹಿಂದೆ ಘಾಟಿಯಲ್ಲೇ ಬಹಳ ಹೊತ್ತು ಹೋಯಿತು, ಬೆಂಗಳೂರು ಮುಟ್ಟುವಾಗ ರಾತ್ರಿ ಹನ್ನೊಂದು.

ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಗಾಢ ನಿದ್ದೆಯಲ್ಲಿದ್ದವಳನ್ನು ಗಂಡ ಹೆಗಲಿಗೆ ಹಾಕಿಕೊಂಡು ಸದ್ದಾಗದಂತೆ ಹತ್ತಿದ. ನಾನು ಬೀಗದ ಕೈ ಹುಡುಕುತ್ತಿದ್ದಾಗ ಅವಳು ತಲೆ ಎತ್ತಿ ಬಾಗಿಲು ನೋಡಿದಳು, ಹಿಂದಿನ ಮೆಟ್ಟಿಲು ನೋಡಿದಳು. ‘ನಾನೇ’ ಎಂದಳು. ಬೆಳಿಗ್ಗೆ ಹತ್ತುವೆಯಂತೆ ಎಂದು ಹೇಳಿ ನೋಡಿದೆವು. ಪಕ್ಕದ ಮನೆಯ ದೀಪ ಹೊತ್ತಿಕೊಂಡಿತು. ಗಂಡ ಮರುಮಾತಾಡದೆ ಅವಳನ್ನು ಎತ್ತಿಕೊಂಡು ಮತ್ತೆ ಕೆಳಗಿಳಿದು, ಮೊದಲ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದ. ನಲವತ್ತೆರಡು ಮೆಟ್ಟಿಲನ್ನು ಅವಳು ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಹತ್ತಿದಳು. ಅತ್ತೆ ಒಂದೊಂದು ಮಹಡಿಯಲ್ಲಿ ಕುಳಿತು ದಣಿವಾರಿಸಿಕೊಂಡರು.

ಮೇಲೆ ಬಂದವಳು ತುದಿಗಾಲಲ್ಲಿ ನಿಂತು ಕಾಲಿಂಗ್ ಬೆಲ್ ಒತ್ತಿ, ಬಾಗಿಲು ತೆರೆಯಲೆಂದು ಕಾದಳು. ಒಳಗೆ ಯಾರೂ ಇರಲಿಲ್ಲ. ಗಂಡ ನನ್ನ ಮುಖ ನೋಡಿ, ಬೀಗ ತೆಗೆದು, ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಇನ್ನೊಮ್ಮೆ ಬೆಲ್ ಒತ್ತಿದಳು. ‘ಯಾರು?’ ಎಂದು ಅವನು ಒಳಗಿನಿಂದ ಕೇಳಿದ.